ಮೂರು ಟೇಬಲ್ ಒಟ್ಟು ಮಾಡಿದ್ರೆ 65 ಕಿಲೋ ಅಡಿಕೆ ಕಮ್ಮಿ ಬರ್ತದೆ, ಎಂತ ಮಾಡುದು?

ತೋಟದಮನೆ:
ನಮಸ್ಕಾರ, ಮಾವನ ಅಡಿಕೆ ಅಂಗಡಿಗೆ ಮೈಎಸ್‌ಕ್ಯೂಎಲ್‌ನಲ್ಲಿ (ಡೇಟಾಬೇಸ್ ಸಾಫ್ಟ್‌ವೇರ್) ಲೆಕ್ಕದ ಸಣ್ಣ ಪ್ರೋಗ್ರಾಂ ಮಾಡಿ ಕೊಟ್ಟಿದ್ದೇನೆ. ಪೆರ್ಲ, ಬದಿಯಡ್ಕ, ಮುಳ್ಳೇರಿಯ ಮೂರು ಕಡೆ ಅಂಗಡಿ ಉಂಟು, ಮೂರಕ್ಕೂ ಬೇರೆ ಬೇರೆ ಟೇಬಲ್. ಒಟ್ಟು ತೂಕ ಬೇಕಿತ್ತು ಅಂತ ಮೊದ್ಲು ಐಟಂ ಹೆಸರಿನ ಮೇಲೆ ಜಾಯಿನ್ ಮಾಡಿದೆ, ಹೊಸ ಚಾಲಿಯದ್ದು (ಈ ಸಲದ ಒಣಗಿಸಿ ಸುಲಿದ ಅಡಿಕೆ) ಪೆರ್ಲದಲ್ಲಿ 40 ಸಾಲು ಬದಿಯಡ್ಕದಲ್ಲಿ 35, ಬಂದದ್ದು 1400 ಸಾಲು! ಮತ್ತೆ ತಾರೀಕು, ಐಟಂ, ತೂಕ, ರೇಟು ಮಾತ್ರ ತೆಗ್ದು ಯೂನಿಯನ್ ಹಾಕಿದೆ, ಸರಿಯಾಯ್ತು ಅಂತ ಗ್ರಹಿಸಿದ್ರೆ ಮಾವ ಪುಸ್ತಕದಲ್ಲಿ ಕೂಡಿಸಿದ್ದಕ್ಕಿಂತ 65 ಕಿಲೋ ಕಮ್ಮಿ. ಕೃಷಿಕರ ದುಡ್ಡು ಮಾರಾಯ್ರೆ, ಹಾಗೇ ಬಿಡ್ಲಿಕ್ಕೆ ಆಗುದಿಲ್ಲ.

ಚಂದ್ರಗಿರಿ_ತೀರ:
ಜಾಯಿನ್ ಅಂದ್ರೆ ಸಾಲಿನ ಪಕ್ಕ ಸಾಲು ಜೋಡಿಸುದು, ಇಲ್ಲಿನ ಒಂದೊಂದು ಸಾಲಿಗೆ ಅಲ್ಲಿನ 35 ಸಾಲೂ ಅಂಟ್ತದೆ, ಹಾಗೆ 1400. ನಿಮಗೆ ಬೇಕಾದ್ದು ಒಂದರ ಅಡಿಗೆ ಒಂದು ಪೇರಿಸುದು, ಅದಕ್ಕೆ ಯೂನಿಯನ್ನೇ ಸರಿ. ಆದ್ರೆ ಬರೀ ಯೂನಿಯನ್ ಹಾಕಿದ್ರೆ ಪೂರ್ತಿ ಒಂದೇ ಥರ ಇರುವ ಸಾಲುಗಳಲ್ಲಿ ಒಂದನ್ನು ಮಾತ್ರ ಇಟ್ಟು ಉಳಿದದ್ದು ತೆಗ್ದು ಹಾಕ್ತದೆ. ಒಂದೇ ದಿನ, ಅದೇ ಐಟಂ, ಅದೇ ತೂಕ, ಅದೇ ರೇಟು ಎರಡು ಸಲ ಉಂಟಾ ನೋಡಿ. ಯೂನಿಯನ್ ಆಲ್ ಅಂತ ಬರೀರಿ, ಅದು ಯಾವ ಸಾಲನ್ನೂ ತೆಗೆಯುದಿಲ್ಲ.

ತೋಟದಮನೆ:
ಉಂಟು! ಮುಳ್ಳೇರಿಯದಲ್ಲಿ ಒಬ್ರು ಎರಡು ಗೋಣಿ ಹೊಸ ಚಾಲಿ ತಂದಿದ್ರು, ಎರಡೂ ಸರೀ 65 ಕಿಲೋ. ಆದ್ರೆ ಎರಡೂ ಒಂದೇ ಟೇಬಲ್‌ನಲ್ಲಿ ಇದ್ದದ್ದಲ್ವಾ, ಅದನ್ನೂ ತೆಗೀತದಾ?

ಚಂದ್ರಗಿರಿ_ತೀರ:
ತೆಗೀತದೆ. ಯಾವ ಟೇಬಲ್‌ನಿಂದ ಬಂತು ಅಂತ ಅದು ನೋಡುದಿಲ್ಲ, ಕಡೆಗೆ ಬಂದ ಇಡೀ ರಾಶಿಯಲ್ಲಿ ಹುಡುಕ್ತದೆ. ಹಾಗಾಗಿ ಅಂಗಡಿ ಹೆಸರಿನ ಕಾಲಂ ಸೇರಿಸಿದ್ರೂ ಆ ಎರಡನೇ ಗೋಣಿ ಉಳೀತಿರ್ಲಿಲ್ಲ.

ಮಂಜೇಶ್ವರದವ:
ಇನ್ನೊಂದು ಹೇಳ್ಬೇಕು, ಸ್ಟಾರ್ ಹಾಕಿ ಎಲ್ಲ ಕಾಲಂ ಒಟ್ಟಿಗೆ ಎಳೀಬೇಡಿ. ಯೂನಿಯನ್ ಕಾಲಂ ಹೆಸರು ನೋಡುದಿಲ್ಲ, ಜಾಗ ಮಾತ್ರ ನೋಡ್ತದೆ, ಒಂದು ಟೇಬಲ್‌ನಲ್ಲಿ ರೇಟು ಮೊದ್ಲು ತೂಕ ಆಮೇಲೆ ಇದ್ರೆ 400 ರೂಪಾಯಿ ಹೋಗಿ 400 ಕಿಲೋ ಆಗ್ತದೆ, ಎರಡೂ ನಂಬರೇ ಆದ ಕಾರಣ ಎರರ್ ಕೂಡ ಬರುದಿಲ್ಲ. ಒಟ್ಟು ತೂಕಕ್ಕೆ ಇಡೀ ಯೂನಿಯನ್ ಬ್ರಾಕೆಟ್ ಒಳಗೆ ಹಾಕಿ ಹೊರಗಿಂದ ಸಮ್ ಮಾಡಿ, ಆ ಬ್ರಾಕೆಟ್‌ಗೆ ಒಂದು ಹೆಸರು ಕೊಡ್ಲೇಬೇಕು ಇಲ್ಲದಿದ್ರೆ ಮೈಎಸ್‌ಕ್ಯೂಎಲ್ ಒಪ್ಪುದಿಲ್ಲ. ನನ್ನ ಕೇಳಿದ್ರೆ ಅಂಗಡಿ ಅಂತ ಒಂದು ಕಾಲಂ ಇಟ್ಟು ಮೂರನ್ನೂ ಒಂದೇ ಟೇಬಲ್ ಮಾಡಿ, ನಾಳೆ ಕುಂಬಳೆಯಲ್ಲಿ ಅಂಗಡಿ ಇಟ್ರೆ ಎಲ್ಲ ಕ್ವೆರಿ ತಿದ್ದುವ ಕೆಲಸ ಇಲ್ಲ.

ತೋಟದಮನೆ:
ಯೂನಿಯನ್ ಆಲ್ ಹಾಕಿದ ಕೂಡ್ಲೆ ಪುಸ್ತಕಕ್ಕೆ ಸರಿ ಕೂತಿತು, ಇಬ್ರಿಗೂ ತುಂಬಾ ಉಪಕಾರ. ಒಂದೇ ಟೇಬಲ್ ಮಾಡ್ಲಿಕ್ಕೆ ಕೂತಿದ್ದೇನೆ, ಮೂರು ಅಂಗಡಿಯಲ್ಲೂ ಬಿಲ್ ನಂಬರ್ 1ರಿಂದ ಶುರು ಆಗ್ತದೆ, ಹಾಗೇ ಇಡ್ಬಹುದಾ?

ಮಂಜೇಶ್ವರದವ:
ಇಡ್ಬಹುದು. ಒಂದೇ ಬಿಲ್ಲಲ್ಲಿ ಎರಡು ಗೋಣಿ ಬರ್ತದಲ್ಲ, ಅದಕ್ಕೆ ಗೋಣಿಗೂ ಒಂದು ನಂಬರ್ ಕೊಡಿ, ಅಂಗಡಿ, ಬಿಲ್ ನಂಬರ್, ಗೋಣಿ ನಂಬರ್ ಮೂರೂ ಸೇರಿ ಪ್ರೈಮರಿ ಕೀ, ಅಂದ್ರೆ ಒಂದೊಂದು ಸಾಲಿಗೂ ಬೇರೆ ಬೇರೆ ಗುರ್ತು.