ಡಿಟಿಪಿ ಅಂಗಡಿಯ ಹಳೆಯ ಕಂಪ್ಯೂಟರಿಗೆ ನಿಜಕ್ಕೂ ಉಪಯೋಗಕ್ಕೆ ಬರುವ ಸಣ್ಣ ತಂತ್ರಾಂಶಗಳು ಯಾವುವು?

ಪ್ರಶ್ನೆ: ಗಂಗಾವತಿಯ ಡಿಟಿಪಿ ಅಂಗಡಿಯವರು

ಎಲ್ಲರಿಗೂ ನಮಸ್ಕಾರ. ಗಂಗಾವತಿಯಲ್ಲಿ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ನಡೆಸುತ್ತಿದ್ದೇನೆ. ಲಗ್ನಪತ್ರಿಕೆ, ಅಕ್ಕಿ ಗಿರಣಿಗಳ ಬಿಲ್ ಪುಸ್ತಕ, ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾಗುವ 371ಜೆ ಪ್ರಮಾಣಪತ್ರದ ಅರ್ಜಿ ಇವೇ ಮುಖ್ಯ ಕೆಲಸಗಳು. ಕಂಪ್ಯೂಟರಿನಲ್ಲಿ ವಿಂಡೋಸ್ 10, 4 ಜಿಬಿ ರ್‍ಯಾಮ್ ಮತ್ತು ಹಳೆಯ ಹಾರ್ಡ್ ಡಿಸ್ಕ್ ಇವೆ. ಹೋದ ವರ್ಷದ ಪತ್ರಿಕೆಯನ್ನೇ ಹೆಸರು ಬದಲಿಸಿ ಕೊಡಿ ಎಂದು ಗಿರಾಕಿ ಬಂದಾಗ ಆ ಫೈಲ್ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ವಿಂಡೋಸಿನ ಹುಡುಕಾಟ ತಿರುಗುತ್ತಲೇ ಇರುತ್ತದೆ. ಅರ್ಜಿಗಳಿಗೆ ಫೋಟೊವನ್ನು 50 ಕೆಬಿಯಂಥ ಮಿತಿಯೊಳಗೆ ತರುವುದು ಇನ್ನೊಂದು ತಲೆನೋವು. ಯಂತ್ರವೂ ನಿಧಾನವಾಗಿದೆ. ಕಂಪ್ಯೂಟರನ್ನು ಒಂದೇ ಗುಂಡಿಯಲ್ಲಿ ವೇಗಗೊಳಿಸುತ್ತೇವೆ ಎನ್ನುವ ಕ್ಲೀನರ್ ತಂತ್ರಾಂಶಗಳನ್ನು ಹಾಕಿಕೊಳ್ಳಬಹುದೇ, ಅಥವಾ ಬೇರೆ ಏನಾದರೂ ಇದೆಯೇ?

ಉತ್ತರ: ಬಳ್ಳಾರಿ, ಕಾಲೇಜು ಕಚೇರಿಯ ಸಿಬ್ಬಂದಿ

ಹುಡುಕಾಟಕ್ಕೆ ‘ಎವೆರಿಥಿಂಗ್’ ಎಂಬ ಪುಟ್ಟ ತಂತ್ರಾಂಶವನ್ನು ಹಾಕಿಕೊಳ್ಳಿ. ಎನ್‌ಟಿಎಫ್‌ಎಸ್ ಮಾದರಿಯ (ವಿಂಡೋಸ್ ಸಾಮಾನ್ಯವಾಗಿ ಬಳಸುವ ಜೋಡಣೆಯ) ಡಿಸ್ಕಿನಲ್ಲಿ ಪ್ರತಿಯೊಂದು ಫೈಲಿನ ಹೆಸರೂ ‘ಮಾಸ್ಟರ್ ಫೈಲ್ ಟೇಬಲ್’ ಎಂಬ ಒಂದೇ ಪಟ್ಟಿಯಲ್ಲಿ ದಾಖಲಾಗಿರುತ್ತದೆ. ಇದು ಫೋಲ್ಡರುಗಳನ್ನು ಒಂದೊಂದಾಗಿ ತೆರೆದು ನೋಡದೆ ಆ ಪಟ್ಟಿಯನ್ನೇ ನೇರವಾಗಿ ಓದಿಕೊಳ್ಳುವುದರಿಂದ, ನೀವು ಅಕ್ಷರ ಟೈಪ್ ಮಾಡುತ್ತಿದ್ದಂತೆಯೇ ಫಲಿತಾಂಶ ಕಾಣಿಸುತ್ತದೆ. ಎರಡು ಪದಗಳ ನಡುವೆ ಜಾಗ ಬಿಟ್ಟರೆ ಎರಡೂ ಇರುವ ಹೆಸರುಗಳು ಮಾತ್ರ ಉಳಿಯುತ್ತವೆ; ಊರಿನ ಹೆಸರು ಮತ್ತು ‘ಪಿಎಂಡಿ’ ಎಂದು ಕೊಟ್ಟರೆ ಪುಟ ವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರಿನಲ್ಲಿ ಮಾಡಿದ ಆ ಊರಿನ ಫೈಲುಗಳಷ್ಟೇ ಮುಂದೆ ಬರುತ್ತವೆ.

ಆದರೆ ಇದು ಹುಡುಕುವುದು ಮುಖ್ಯವಾಗಿ ಫೈಲಿನ ಹೆಸರನ್ನು, ಒಳಗಿನ ಬರಹವನ್ನಲ್ಲ. ನಿಮ್ಮ ಕೆಲಸದಲ್ಲಿ ಇದು ಗಮನಿಸಬೇಕಾದ ವಿಷಯ. ಕನ್ನಡ ಟೈಪಿಂಗ್ ತಂತ್ರಾಂಶವಾದ ‘ನುಡಿ’ಯ ಹಳೆಯ ಆಸ್ಕಿ ಫಾಂಟುಗಳಲ್ಲಿ ಟೈಪ್ ಮಾಡಿದ್ದು ನಮ್ಮ ಕಣ್ಣಿಗೆ ಕನ್ನಡವಾಗಿ ಕಂಡರೂ ಕಂಪ್ಯೂಟರಿನ ಲೆಕ್ಕದಲ್ಲಿ ಅದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಾಲು ಮಾತ್ರ. ಫಾಂಟ್ ಬದಲಿಸಿದ ಕೂಡಲೇ ಆ ಬಣ್ಣ ಬಯಲಾಗುತ್ತದೆ. ಹೀಗಾಗಿ ಯೂನಿಕೋಡಿನಲ್ಲಿ, ಅಂದರೆ ಈಗ ಮೊಬೈಲ್ ಮತ್ತು ಅಂತರ್ಜಾಲದಲ್ಲಿ ಬಳಸುವ ಕನ್ನಡ ಅಕ್ಷರಗಳಲ್ಲಿ, ‘ಶರಣಪ್ಪ’ ಎಂದು ಹುಡುಕಿದರೆ ನಿಮ್ಮ ಲಗ್ನಪತ್ರಿಕೆಗಳ ಒಳಗಿರುವ ಯಾವ ಶರಣಪ್ಪನೂ ಸಿಗುವುದಿಲ್ಲ. ಆದ್ದರಿಂದ ಹೆಸರನ್ನೇ ಶಿಸ್ತಾಗಿ ಇಡಿ: ಮೊದಲು ವರ್ಷ, ಆಮೇಲೆ ತಿಂಗಳು ಮತ್ತು ದಿನ, ಅನಂತರ ಊರು, ಕೊನೆಗೆ ಗಿರಾಕಿಯ ಹೆಸರು. ವರ್ಷವನ್ನು ಮುಂದಿಟ್ಟರೆ ಫೈಲುಗಳು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ಈಗಾಗಲೇ ಇರುವ ನೂರಾರು ಸ್ಕ್ಯಾನ್ ಫೈಲುಗಳಿಗೆ ಮೈಕ್ರೋಸಾಫ್ಟಿನ ‘ಪವರ್‌ಟಾಯ್ಸ್’ ಒಳಗಿನ ‘ಪವರ್‌ರಿನೇಮ್’ ಒಟ್ಟಿಗೇ ಹೊಸ ಹೆಸರು ಕೊಡುತ್ತದೆ. ಬದಲಾಯಿಸುವ ಮೊದಲೇ ಹಳೆಯ ಮತ್ತು ಹೊಸ ಹೆಸರುಗಳನ್ನು ಅಕ್ಕಪಕ್ಕ ತೋರಿಸುವುದು ಅದರ ದೊಡ್ಡ ಅನುಕೂಲ. 4 ಜಿಬಿ ರ್‍ಯಾಮಿನಲ್ಲಿ ಅದರ ಉಳಿದ ಸೌಲಭ್ಯಗಳನ್ನೆಲ್ಲ ನಿಲ್ಲಿಸಿಡಿ.

ಫೋಟೊಗಳಿಗೆ ‘ಇರ್ಫಾನ್‌ವ್ಯೂ’ ಚೆನ್ನಾಗಿದೆ. ಜೆಪೆಗ್ ಆಗಿ ಉಳಿಸುವಾಗ ಎಷ್ಟು ಕೆಬಿ ಬೇಕೆಂದು ಅಲ್ಲಿಯೇ ಬರೆದರೆ ಅದು ಆ ಗಾತ್ರಕ್ಕೆ ತರಲು ಯತ್ನಿಸುತ್ತದೆ. ಮೊಬೈಲಿನಲ್ಲಿ ತೆಗೆದ ಫೋಟೊ ಆದರೆ ಮೊದಲು ಉದ್ದ ಅಗಲವನ್ನು ಕಡಿಮೆ ಮಾಡಿಕೊಳ್ಳಿ. ಇಲ್ಲವಾದರೆ 50 ಕೆಬಿಗೆ ಇಳಿಸುವಷ್ಟರಲ್ಲಿ ಮುಖ ಮಸುಕಾಗಿ ಅರ್ಜಿಯೇ ತಿರಸ್ಕೃತವಾದೀತು.

ಉತ್ತರ: ಸಿಂಧನೂರು, ಕಂಪ್ಯೂಟರ್ ರಿಪೇರಿ

ಮೇಲಿನವರು ಹೇಳಿದ್ದು ಸರಿ, ಒಂದು ತಿದ್ದುಪಡಿ ಇದೆ. ಇರ್ಫಾನ್‌ವ್ಯೂ ಉಚಿತವಾಗಿರುವುದು ಮನೆಯ ಬಳಕೆಗೆ. ಅಂಗಡಿಯಲ್ಲಿ ಬಳಸುವವರು ಪರವಾನಗಿ ಕೊಳ್ಳಬೇಕು. ಎವೆರಿಥಿಂಗ್, ಫೈಲುಗಳನ್ನು ಕುಗ್ಗಿಸಿ ಕಟ್ಟುವ 7-ಜಿಪ್ ಮತ್ತು ಪವರ್‌ಟಾಯ್ಸ್‌ಗಳಿಗೆ ಆ ನಿರ್ಬಂಧವಿಲ್ಲ.

ಕ್ಲೀನರುಗಳ ಸಹವಾಸ ಬೇಡ. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ‘ರಿಜಿಸ್ಟ್ರಿ’ಯನ್ನು ಗುಡಿಸುವುದರಿಂದ ಯಂತ್ರ ವೇಗವಾಗುವುದಿಲ್ಲ, ಬೇಕಾದದ್ದೇ ಅಳಿಸಿಹೋದರೆ ಮಾತ್ರ ಕಷ್ಟ. ಹೆಸರುವಾಸಿಯಾದ ‘ಸಿಕ್ಲೀನರ್’ನ ಅಧಿಕೃತ ಆವೃತ್ತಿಯೊಳಗೇ 2017ರಲ್ಲಿ ದುಷ್ಕರ್ಮಿಗಳು ಕುತಂತ್ರಾಂಶ ಸೇರಿಸಿ, ಅದು 20 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ತಲುಪಿತ್ತು. ಅದರ ಬದಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ‘ಸ್ಟಾರ್ಟ್‌ಅಪ್’ ಎಂಬಲ್ಲಿ ಬೇಡದ್ದನ್ನೆಲ್ಲ ನಿಲ್ಲಿಸಿ, ಆಮೇಲೆ ಡಿಸ್ಕಿನ ಸಾಲನ್ನು ನೋಡಿ. ಏನೂ ಕೆಲಸ ಮಾಡದಿದ್ದಾಗಲೂ ಅದು 100 ಶೇಕಡಾ ತೋರಿಸುತ್ತಿದ್ದರೆ ತೊಂದರೆ ಇರುವುದು ಹೆಚ್ಚಾಗಿ ಹಾರ್ಡ್ ಡಿಸ್ಕಿನಲ್ಲಿ. ಆಗ ಡಿಸ್ಕಿನ ಆರೋಗ್ಯ ತೋರಿಸುವ ‘ಕ್ರಿಸ್ಟಲ್‌ಡಿಸ್ಕ್‌ಇನ್ಫೊ’ ತೆರೆಯಿರಿ: ನೀಲಿ ಬಣ್ಣ ಇದ್ದರೆ ಸರಿ, ಹಳದಿ ಬಂದಿದ್ದರೆ ಡಿಸ್ಕಿನ ಕೆಲವು ಭಾಗಗಳು ಕೆಡಲು ಶುರುವಾಗಿವೆ ಎಂದು ತಿಳಿದು ಅಂದೇ ಎಲ್ಲವನ್ನೂ ಬೇರೆ ಕಡೆ ನಕಲು ಮಾಡಿ. ಅಂಥ ಯಂತ್ರಕ್ಕೆ ತಿರುಗುವ ಭಾಗಗಳಿಲ್ಲದ, ವೇಗದ ಡಿಸ್ಕ್ ಆದ ಎಸ್‌ಎಸ್‌ಡಿ ಹಾಕಿಸಿದರೆ ಸಿಗುವ ಚುರುಕನ್ನು ಯಾವ ತಂತ್ರಾಂಶವೂ ಕೊಡಲಾರದು.

ನಮ್ಮ ಕಡೆಯ ಬೇಸಿಗೆಯಲ್ಲಿ ಪ್ರೊಸೆಸರಿನ ಫ್ಯಾನಿಗೆ ಧೂಳು ಕಟ್ಟಿದ್ದರೆ ಬಿಸಿ ಹೆಚ್ಚಾದಾಗ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ಬ್ಲೋವರ್.

ಪ್ರಶ್ನಿಸಿದವರಿಂದ

ತುಂಬ ಧನ್ಯವಾದಗಳು, ಸರ್. ಎವೆರಿಥಿಂಗ್ ಹಾಕಿಕೊಂಡೆ, ಹುಡುಕಾಟದ ಚಿಂತೆ ಹೋಯಿತು. ಡಿಸ್ಕ್ ಹಳದಿ ತೋರಿಸುತ್ತಿದೆ, ಎಸ್‌ಎಸ್‌ಡಿಗೆ ಹೇಳಿದ್ದೇನೆ. ಪದೇ ಪದೇ ಕರೆಂಟ್ ಹೋಗುವುದರಿಂದ ದಿನದ ಕೆಲಸವನ್ನು ಹೊರಗಿನ ಡಿಸ್ಕಿಗೆ ತಾನಾಗಿಯೇ ನಕಲು ಮಾಡುವ ಉಪಾಯವಿದೆಯೇ? ಅರ್ಜಿಗಳ ವಿಳಾಸ, ಒಕ್ಕಣೆಗಳನ್ನು ಮತ್ತೆ ಮತ್ತೆ ಟೈಪ್ ಮಾಡುವುದನ್ನು ತಪ್ಪಿಸಲು ಏನು ಮಾಡಬಹುದು?

ಉತ್ತರ: ರಾಯಚೂರು

ನಕಲಿಗೆ ವಿಂಡೋಸಿನಲ್ಲೇ ಇರುವ ‘ರೋಬೊಕಾಪಿ’ ಆದೇಶ ಸಾಕು. ಅದನ್ನು ‘ಟಾಸ್ಕ್ ಶೆಡ್ಯೂಲರ್’ಗೆ ಒಪ್ಪಿಸಿ ಅಂಗಡಿ ಮುಚ್ಚುವ ಹೊತ್ತಿಗೆ ಓಡುವಂತೆ ಮಾಡಿ, ಬದಲಾದ ಫೈಲುಗಳನ್ನಷ್ಟೇ ಅದು ನಕಲು ಮಾಡುತ್ತದೆ. ಅಂತರ್ಜಾಲದಲ್ಲಿ ಹಲವರು ‘ಮಿರರ್’ ಆಯ್ಕೆಯನ್ನು ಸೂಚಿಸುತ್ತಾರೆ, ಅದನ್ನು ಬಳಸಬೇಡಿ: ಮೂಲದಲ್ಲಿ ಅಕಸ್ಮಾತ್ ಅಳಿಸಿದ್ದು ನಕಲಿನಲ್ಲಿಯೂ ಅಳಿಸಿಹೋಗುತ್ತದೆ, ಆಗ ನಕಲು ಇಟ್ಟುಕೊಂಡೂ ಇಲ್ಲದಂತೆ. ಒಳಫೋಲ್ಡರುಗಳನ್ನು ಸೇರಿಸಿಕೊಳ್ಳುವ ಆಯ್ಕೆಯೊಂದನ್ನು ಮಾತ್ರ ಕೊಡಿ. ಯುಪಿಎಸ್ ಇಲ್ಲದಿದ್ದರೆ ಮೊದಲು ಅದನ್ನು ತರಿಸಿ.

ಒಕ್ಕಣೆಗಳಿಗೆ ‘ಆಟೊಹಾಟ್‌ಕೀ’ ಇದೆ. ‘ಮಾನ್ಯ ತಹಶೀಲ್ದಾರರು, ಗಂಗಾವತಿ ತಾಲ್ಲೂಕು, ಕೊಪ್ಪಳ ಜಿಲ್ಲೆ’ ಎಂಬುದಕ್ಕೆ ಮೂರು ಇಂಗ್ಲಿಷ್ ಅಕ್ಷರಗಳ ಸಂಕೇತ ಕೊಟ್ಟರೆ, ಅದನ್ನು ಟೈಪ್ ಮಾಡಿ ಸ್ಪೇಸ್ ಒತ್ತಿದಾಗ ಇಡೀ ಸಾಲು ಮೂಡುತ್ತದೆ. ಕನ್ನಡ ಸರಿಯಾಗಿ ಬರಬೇಕಾದರೆ ಈ ಸಂಕೇತಗಳನ್ನು ಬರೆದಿಟ್ಟ ಸ್ಕ್ರಿಪ್ಟ್ ಫೈಲನ್ನು ಯೂನಿಕೋಡಿನ ಒಂದು ರೂಪವಾದ ಯುಟಿಎಫ್-8ರಲ್ಲಿ ಉಳಿಸಬೇಕು. ವರ್ಡ್ ಮತ್ತು ಬ್ರೌಸರುಗಳಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಪೇಜ್‌ಮೇಕರಿಗೆ ಯೂನಿಕೋಡ್ ತಿಳಿಯದ ಕಾರಣ ಅಲ್ಲಿ ನಡೆಯುವುದಿಲ್ಲ. ಅಲ್ಲಿಗೆ ಒಕ್ಕಣೆಗಳನ್ನು ನುಡಿಯಲ್ಲಿ ಬರೆದ ಒಂದು ಮಾದರಿ ಫೈಲ್ ಇಟ್ಟುಕೊಂಡು ನಕಲಿಸುವುದೇ ಸುಲಭ.

ಎಸ್‌ಎಸ್‌ಡಿ ಹಾಕಿಸುವಾಗ ಇನ್ನೊಂದು ಮಾತನ್ನು ಮೆಕ್ಯಾನಿಕ್ ಹತ್ತಿರ ಕೇಳಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿ ಇದೆಯೇ ಎಂದು ಈಗಲೇ ನೋಡಿಕೊಂಡರೆ ಎರಡೆರಡು ಸಲ ಇನ್‌ಸ್ಟಾಲ್ ಮಾಡಿಸುವ ಖರ್ಚು ಉಳಿಯುತ್ತದೆ.