‘ಕುರಿ ಕಾಯುವ ನಾಯಿ’, ‘ಕೋಳಿ ಕಾಯುವ ನಾಯಿ’: ಎರಡಕ್ಕೂ ಒಂದೇ ‘ಕಾಯು’ ಸಾಕೇ?

ಎಲ್ಲರಿಗೂ ನಮಸ್ಕಾರ. ಕೋಳಿಗಳ ಜೊತೆಗೇ ಇದ್ದು ಅವನ್ನು ಉಳಿಸುವ ನಾಯಿಗೆ ಕನ್ನಡದಲ್ಲಿ ಒಂದು ಪದ ಹುಡುಕುತ್ತಿದ್ದೇನೆ. ಇದು ನನ್ನ ತಪ್ಪಿನಿಂದಲೇ ಶುರುವಾದ ಕತೆ, ಹಾಗಾಗಿ ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಆಳಂದದ ಕಡೆ ನಮ್ಮ ಕಾಕಾ ತೊಗರಿ ಹೊಲದ ಅಂಚಿಗೆ ನೂರಿಪ್ಪತ್ತು ಕೋಳಿ ಸಾಕಿದ್ದಾರೆ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಕತ್ತಲಾಗುವವರೆಗೂ ಅವು ಹೊರಗೇ. ಮುಂಗುಸಿ, ಕಾಡುಬೆಕ್ಕು, ಊರ ನಾಯಿ, ಮೂರರ ಕಾಟವೂ ಇದೆ. ಕೋಳಿಗಳ ಜೊತೆಗೇ ಇದ್ದು ಅವನ್ನು ಉಳಿಸುವ ನಾಯಿಗಳ ಬಗ್ಗೆ ಇಂಗ್ಲಿಷಿನಲ್ಲಿ ಓದಿದ್ದೆ. ಅದನ್ನು ಎರಡು ಪುಟ ಕನ್ನಡದಲ್ಲಿ ಬರೆದು ಕಾಕಾಗೆ ಕೊಟ್ಟೆ. ‘ಕುರಿ ಕಾಯುವ ನಾಯಿಯ ಮರಿ ತನ್ನಿ’ ಎಂದಿತ್ತು ಅದರಲ್ಲಿ.

ಕಾಕಾ ಕುರಿಯವರ ಹತ್ತಿರ ಹೋದರು. ಚದುರಿದ ಕುರಿಯನ್ನು ಓಡಿ ಹೋಗಿ ತಿರುವಿಕೊಂಡು ಬರುವ ಚುರುಕು ನಾಯಿಯ ಮರಿಯನ್ನೇ ಆರಿಸಿ ತಂದರು. ಮರಿ ಬೆಳೆಯಿತು, ಅದೇ ಕೆಲಸವನ್ನು ಕೋಳಿಗಳ ಮೇಲೆ ಮಾಡಿತು. ಒಂದು ಮಧ್ಯಾಹ್ನ ನಾನೇ ನೋಡಿದೆ. ಹೊಟ್ಟೆ ನೆಲಕ್ಕೆ ತಾಗುವ ಹಾಗೆ ಬಗ್ಗಿತ್ತು. ಒಂದು ಕೋಳಿಯ ಮೇಲೇ ಕಣ್ಣಿಟ್ಟು ಹೆಜ್ಜೆ ಹೆಜ್ಜೆ ಮುಂದೆ ಬಂತು. ಆಮೇಲೆ ಒಮ್ಮೆಲೇ ಓಡಿ, ಎಲ್ಲವನ್ನೂ ಬೇಲಿಯ ಮೂಲೆಗೆ ಒತ್ತಿ ನಿಲ್ಲಿಸಿತು. ಒಂದನ್ನೂ ಕಚ್ಚಲಿಲ್ಲ. ಆದರೆ ಬೆದರಿದ ಕೋಳಿ ಸರಿಯಾಗಿ ತತ್ತಿ ಇಡುವುದಿಲ್ಲ, ಆ ವಾರ ಬುಟ್ಟಿ ಅರ್ಧವೂ ತುಂಬಲಿಲ್ಲ. ‘ತಮ್ಮಾ, ಕಾಯೋ ನಾಯಿ ಅಂತ ನೀನೇ ಬರದಿದ್ದಿ. ಇದೂ ಕಾಯ್ತದಲ್ಲ, ಮತ್ತೇನ್ ತಪ್ಪದ?’ ಎಂದರು ಕಾಕಾ. ನನ್ನ ಬಳಿ ಉತ್ತರ ಇರಲಿಲ್ಲ.

ಅವರ ಮಾತು ಸರಿ. ನಮ್ಮಲ್ಲಿ ‘ಕುರಿ ಕಾಯುವುದು’ ಎಂದರೆ ಮೇಯಿಸುವುದೂ ಹೌದು, ಹಿಂಡು ಚದುರದಂತೆ ನೋಡಿಕೊಳ್ಳುವುದೂ ಹೌದು, ತೋಳದ ಬಾಯಿಂದ ಉಳಿಸುವುದೂ ಹೌದು. ಕುರುಬ ಒಬ್ಬನೇ ಎಲ್ಲ ಮಾಡುತ್ತಾನೆ, ಒಂದೇ ಪದ ಸಾಕು. ನಾಯಿಗಳಲ್ಲಿ ಹಾಗಲ್ಲ. ಬಾರ್ಡರ್ ಕಾಲಿಯಂಥ ನಾಯಿ ಹಿಂಡನ್ನು ಅಟ್ಟುತ್ತದೆ. ಅದು ಬೇಟೆಯ ಗುಣವೇ, ಕೊಲ್ಲುವುದನ್ನು ಮಾತ್ರ ಬಿಟ್ಟಿದೆ ಅಷ್ಟೆ. ಇಟಲಿಯ ಮರೆಮ್ಮಾ ತರಹದ ನಾಯಿ ಬೇರೆ. ಅದು ಹಿಂಡನ್ನು ಓಡಿಸುವುದಿಲ್ಲ, ಅದರ ನಡುವೆಯೇ ಬಿದ್ದುಕೊಂಡಿರುತ್ತದೆ. ಹೊರಗಿನದು ಬಂದರೆ ಎದ್ದು ಬೊಗಳಿ ಅಡ್ಡ ನಿಲ್ಲುತ್ತದೆ. ಆಸ್ಟ್ರೇಲಿಯಾದ ವಾರ್ನಂಬೂಲ್ ಊರಿನ ಹತ್ತಿರ ಮಿಡಲ್ ಐಲ್ಯಾಂಡ್ ಎಂಬ ಪುಟ್ಟ ದ್ವೀಪದಲ್ಲಿ ಪೆಂಗ್ವಿನ್‌ಗಳನ್ನು ನರಿಗಳು ತಿಂದು ಮುಗಿಸುತ್ತಿದ್ದವು. 2006ರಲ್ಲಿ ಅಲ್ಲಿಗೆ ಮರೆಮ್ಮಾ ನಾಯಿಗಳನ್ನು ಬಿಟ್ಟರು. ಆ ಉಪಾಯ ಹೇಳಿದ್ದು ಯಾರು ಗೊತ್ತಾ? ತನ್ನ ಕೋಳಿಗಳಿಗೆ ಇದೇ ನಾಯಿಯನ್ನು ಇಟ್ಟುಕೊಂಡಿದ್ದ ಒಬ್ಬ ಕೋಳಿ ರೈತ!

(ಮುಧೋಳ ನಾಯಿ ಆಗಲ್ವಾ ಎಂದು ಕೇಳಬೇಡಿ. ಅದು ಕಂಡದ್ದನ್ನು ಅಟ್ಟಿಸಿಕೊಂಡು ಹೋಗುವ ಬೇಟೆ ನಾಯಿ. ಕೋಳಿ ರೆಕ್ಕೆ ಬಡಿದು ಓಡಿದರೆ ಮುಗೀತು.)

ಈಗ ಪದಕ್ಕೆ ಬರೋಣ. ‘ಕಾವಲು ನಾಯಿ’ ಎಂದರೆ ಗೇಟಿನ ಹತ್ತಿರ ಸರಪಳಿ ಹಾಕಿ ಕಟ್ಟಿದ ನಾಯಿಯೇ ಕಣ್ಣ ಮುಂದೆ ಬರುತ್ತದೆ. ಅದು ಮನೆ ಕಾಯುತ್ತದೆ, ಜೀವಗಳ ಜೊತೆ ಬಾಳುವುದಿಲ್ಲ. ‘ಪಹರೆ ನಾಯಿ’ ಅಂದರೆ ಪೊಲೀಸರದ್ದು ಅನ್ನಿಸುತ್ತದೆ. ‘ಹಿಂಡಿನ ನಾಯಿ’ ಚೆನ್ನಾಗಿದೆ, ಆದರೆ ಬೀದಿ ನಾಯಿಗಳ ಹಿಂಡು ನೆನಪಾಗುತ್ತದೆ. ‘ರಕ್ಷಕ ಶ್ವಾನ’ ಎಂದು ಬರೆದರೆ ಕಾಕಾ ಆ ಹಾಳೆಯಲ್ಲಿ ಚುನಮರಿ ಕಟ್ಟಿಸಿಕೊಂಡು ತಿಂದಾರು. ನನಗೆ ತೋಚಿದ್ದು ಇಷ್ಟು: ಓಡಿಸುವುದಕ್ಕೆ ‘ತಿರುವು ನಾಯಿ’, ಜೊತೆಗಿದ್ದು ಕಾಯುವುದಕ್ಕೆ ‘ಹಟ್ಟಿ ನಾಯಿ’. ಕೋಳಿಗೆ ಹಟ್ಟಿ ಎಲ್ಲಿದೆ ಎಂದರೆ ಸಿಕ್ಕಿಹಾಕಿಕೊಳ್ಳುತ್ತೇನೆ.

ಇನ್ನೊಂದು ತೊಡಕು, ಇದು ಸುಮ್ನೆ ತಮಾಷೆಗೆ. ಎಣ್ಣೆಯೂ ಕಾಯುತ್ತದೆ, ಬಸ್ಸಿಗೂ ಕಾಯುತ್ತೇವೆ, ಕೋಳಿ ಕಾವಿಗೆ ಕೂತರೆ 21 ದಿನ ಏಳುವುದೇ ಅಪರೂಪ. ‘ಕೋಳಿಯ ಕಾವು, ನಾಯಿಯ ಕಾವಲು’ ಎಂದು ಬರೆದು ಆಮೇಲೆ ನಾನೇ ಅಳಿಸಿದೆ.

ಹೊರಗೆ ಬಿಟ್ಟು ಸಾಕಿದ ಕೋಳಿಗೂ ಒಂದು ಹೆಸರು ಬೇಕಿದೆ. ‘ಜವಾರಿ’ ಎಂದರೆ ತಳಿಯ ಮಾತಾಯಿತು. ಗಿರಿರಾಜ ಎಂಬ ಕೋಳಿ ತಳಿ ಜವಾರಿ ಅಲ್ಲ, ಆದರೂ ಹೊರಗೆ ಬಿಟ್ಟು ಮೇಯಿಸಬಹುದು. ‘ಬಿಡಾಡಿ ಕೋಳಿ’ ಅಂದರೆ ಯಜಮಾನ ಇಲ್ಲದ್ದು ಎನ್ನುವ ಹಾಗಿದೆ. ಸದ್ಯಕ್ಕೆ ‘ಬಿಟ್ಟು ಸಾಕಿದ ಕೋಳಿ’ ಎಂದೇ ಇಟ್ಟಿದ್ದೇನೆ. ಉದ್ದವಾದರೂ ಗೊಂದಲ ಇಲ್ಲ.

ಕಾಕಾ ಈಗ ಇನ್ನೊಂದು ಮರಿ ತಂದಿದ್ದಾರೆ, ಎರಡು ತಿಂಗಳದ್ದು. ಗೂಡಿನ ಪಕ್ಕದಲ್ಲೇ ಜಾಲರಿ ಹಾಕಿ ಇಟ್ಟಿದ್ದಾರೆ. ಇಂಥ ಮರಿಯನ್ನು ನಂಬಿ ಬಿಡಲು ಎರಡು ವರ್ಷ ಹಿಡಿಯಬಹುದು. ಅಷ್ಟರಲ್ಲಿ ಆಟಕ್ಕೆಂದೇ ಒಂದೆರಡು ಕೋಳಿ ಹಿಡಿದೀತು, ಪಕ್ಕದಲ್ಲೇ ಯಾರಾದರೂ ಇರಬೇಕು. ಮೊನ್ನೆ ಹೋದಾಗ ಒಂದು ಹುಂಜ ಜಾಲರಿಯೊಳಗೆ ಕುತ್ತಿಗೆ ತೂರಿಸಿ ಮರಿಯ ತಟ್ಟೆಯಲ್ಲಿನ ರೊಟ್ಟಿ ಕುಕ್ಕುತ್ತಿತ್ತು. ಮರಿ ಮುಖ ಆ ಕಡೆ ತಿರುಗಿಸಿ ಮಲಗಿತ್ತು. ‘ಇದೇನ್ ಕಾಯ್ತದೋ, ಸುಮ್ನೆ ಬಿದ್ದದ’ ಎಂದು ಕಾಕಾ ಗೊಣಗಿದರು. ನನಗೆ ಮಾತ್ರ ಈ ಸಲ ಸರಿಯಾದ ಮರಿ ಸಿಕ್ಕಿದೆ ಅನ್ನಿಸಿತು.

ಬೀದರ್, ಯಾದಗಿರಿ ಕಡೆಯವರು ಇದ್ದರೆ ದಯವಿಟ್ಟು ಹೇಳಿ. ರಾತ್ರಿ ಕುರಿಗಳ ನಡುವೆಯೇ ಮಲಗುವ ನಾಯಿಗೆ ನಿಮ್ಮೂರ ಕುರಿಯವರು ಬೇರೆ ಹೆಸರೇನಾದರೂ ಹೇಳುತ್ತಾರಾ? ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗುವಾಗ ಆ ಎರಡು ಪುಟ ತಿದ್ದಿಕೊಂಡು ಒಯ್ಯಬೇಕು.