ಆರ್ಕೆಸ್ಟ್ರಾದಲ್ಲಿ ಇಬ್ಬರು ಕೀಬೋರ್ಡ್‌ನವರು ಬೇಕಾ? ಕಲಬುರಗಿಯ ಒಂದು ತಂಡದ ಪ್ರಶ್ನೆ

ಪ್ರಶ್ನೆ (ತಂಡದ ಗಾಯಕ, ಕಲಬುರಗಿ): ನಮಸ್ಕಾರ ರೀ ಸರ್. ನಮ್ಮದು ಆರು ಜನರ ಸಣ್ಣ ಆರ್ಕೆಸ್ಟ್ರಾ. ಹಾಡುವವರು ಇಬ್ಬರು. ಕೀಬೋರ್ಡ್, ಬೇಸ್ ಗಿಟಾರ್, ರಿದಮ್ ಪ್ಯಾಡ್, ಢೋಲಕ್‌ಗೆ ಒಬ್ಬೊಬ್ಬರು. ಮದುವೆ, ಗಣಪತಿ, ಜಾತ್ರೆ ಎಲ್ಲ ಕಡೆ ಹೋಗುತ್ತೇವೆ. ಕನ್ನಡ, ಹಿಂದಿ ಎರಡೂ ಹಾಡುತ್ತೇವೆ. ಹಳೆ ಹಾಡು ಹಿಡಿದರೆ ವಯಲಿನ್ ಬಿಟ್ (ಹಾಡಿನ ನಡುವೆ ಬರುವ ವಾದ್ಯದ ತುಣುಕು), ಕೊಳಲಿನ ಬಿಟ್, ಕೆಳಗೆ ಕಾರ್ಡ್ (ಒಟ್ಟಿಗೆ ಒತ್ತುವ ಮೂರು ನಾಲ್ಕು ಸ್ವರ) ಎಲ್ಲವನ್ನೂ ಒಬ್ಬನೇ ನುಡಿಸಬೇಕು. ಏನಾದರೂ ಒಂದು ಬಿಟ್ಟೇ ಹೋಗುತ್ತದೆ. ಈಗ ಆಳಂದದ ಹುಡುಗನೊಬ್ಬ ಸೇರುತ್ತೇನೆ ಅನ್ನುತ್ತಿದ್ದಾನೆ. ಅವನೂ ಕೀಬೋರ್ಡ್‌ನವನೇ. ತಂಡದಲ್ಲಿ ಅರ್ಧ ಜನ ಬೇಡ ಅನ್ನುತ್ತಾರೆ. ಇಬ್ಬರಿದ್ದರೆ ನಿಜವಾಗಿ ಲಾಭ ಇದೆಯಾ?

ಉತ್ತರ (ಕೀಬೋರ್ಡ್ ವಾದಕ, ಅರೇಂಜರ್): ಸೇರಿಸಿಕೊಳ್ಳಿ. ಆದರೆ "ಇನ್ನೊಬ್ಬ ಕೀಬೋರ್ಡ್‌ನವ" ಅಂತ ಸೇರಿಸಿಕೊಳ್ಳಬೇಡಿ. ನಮ್ಮ ವಯಲಿನ್‌ನವನು, ನಮ್ಮ ಕೊಳಲಿನವನು ಅಂತ ಸೇರಿಸಿಕೊಳ್ಳಿ. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಾನೇ ಒಮ್ಮೆ ಪೆಟ್ಟು ತಿಂದಿದ್ದೇನೆ.

ಒಂದು ಜಾತ್ರೆಯ ಪ್ರೋಗ್ರಾಂಗೆ ನಾವು ಇಬ್ಬರು ಕೀಬೋರ್ಡ್‌ನವರು ಹೋಗಿದ್ದೆವು. ಯಾರು ಏನು ನುಡಿಸಬೇಕು ಅಂತ ಮಾತಾಡಿಕೊಂಡಿರಲಿಲ್ಲ. ಇಬ್ಬರೂ ಸ್ಟ್ರಿಂಗ್ಸ್ ಟೋನ್ ಹಾಕಿದೆವು. ಇಬ್ಬರೂ ಎಡಗೈಯಲ್ಲಿ ಕಾರ್ಡ್ ಹಿಡಿದೆವು. ಕೆಳಗೆ ಬೇಸ್ ಗಿಟಾರ್ ಬೇರೆ. ಎಲ್ಲ ಕಲಸಿಹೋಗಿ ಬರೀ ಗವ್ ಅನ್ನುತ್ತಿತ್ತು. ಹಾಡುವವರಿಗೆ ತಮ್ಮ ಸ್ವರವೇ ಕೇಳಿಸುತ್ತಿರಲಿಲ್ಲ. ಎರಡು ಹಾಡು ಆದ ಮೇಲೆ ನಾನು ಕೈ ತೆಗೆದು ಸುಮ್ನೆ ನಿಂತೆ. ಆಗಲೇ ಹಾಡು ಚೆನ್ನಾಗಿ ಕೇಳಿಸಿತು. ಆ ರಾತ್ರಿ ಮನೆಗೆ ಬಂದು ನಿದ್ದೆ ಬರಲಿಲ್ಲ.

ಬೇಸ್ ಗಿಟಾರ್‌ನ ನಾಲ್ಕು ತಂತಿಗಳನ್ನು ಖಾಲಿ ಮೀಟಿದರೆ ಸುಮಾರು 41, 55, 73, 98 ಹರ್ಟ್ಜ್ ಬರುತ್ತದೆ (ಸಂಖ್ಯೆ ಕಡಿಮೆ ಇದ್ದಷ್ಟು ಸ್ವರ ತಗ್ಗು). 61 ಕೀ ಇರುವ ಕೀಬೋರ್ಡ್‌ನಲ್ಲಿ ಎಡತುದಿಯ ಕೀ ಸುಮಾರು 65 ಹರ್ಟ್ಜ್. ಅಂದರೆ ನಿಮ್ಮ ಎಡಗೈ ಕೆಳಗಿನ ಸಪ್ತಕಕ್ಕೆ ಹೋದರೆ ನೇರವಾಗಿ ಬೇಸ್‌ನವನ ಜಾಗದಲ್ಲಿ ಕೂತ ಹಾಗೆ. ಒಬ್ಬ ಕೂತರೇ ಇಕ್ಕಟ್ಟು, ಇಬ್ಬರು ಕೂತರೆ ಮುಗೀತು.

ಇನ್ನು ಒಬ್ಬನಿಂದ ಯಾಕೆ ಆಗುತ್ತಿಲ್ಲ ಅನ್ನೋದು. ಕೊಳಲಿನ ಬಿಟ್ ತಗೊಳ್ಳಿ. ಅದರಲ್ಲಿ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ಇರುತ್ತದೆ. ಬಲಗೈ ಸ್ವರ ಒತ್ತಬೇಕು, ಎಡಗೈ ಪಿಚ್ ಬೆಂಡ್ ಚಕ್ರ ಹಿಡಿದು ಸ್ವರವನ್ನು ಜಾರಿಸಬೇಕು. ಎರಡೂ ಕೈ ಅಲ್ಲಿಗೇ ಖರ್ಚು. ಕಾರ್ಡ್ ಯಾರು ಹಿಡಿಯಬೇಕು? ಅದಕ್ಕೇ ನಿಮ್ಮವರು ಕೊಳಲು ಶುರು ಮಾಡಿದ ತಕ್ಷಣ ಹಿಂದೆ ಎಲ್ಲ ಖಾಲಿ ಅನಿಸುತ್ತದೆ. ಅವರ ತಪ್ಪಲ್ಲ, ಮನುಷ್ಯನಿಗೆ ಇರುವುದೇ ಎರಡು ಕೈ. ಎರಡನೆಯವನು ನಿಜವಾಗಿ ಬೇಕಾಗುವುದು ಇಲ್ಲೇ.

ಹೊರದೇಶದ ಬ್ಯಾಂಡ್‌ಗಳಲ್ಲೂ ಇದನ್ನು ಕಾಣಬಹುದು. 1967ರಲ್ಲಿ ಹೆಸರು ಮಾಡಿದ ಇಂಗ್ಲೆಂಡಿನ ಪ್ರೋಕಲ್ ಹರಮ್‌ನಲ್ಲಿ ಒಬ್ಬರು ಪಿಯಾನೊ, ಇನ್ನೊಬ್ಬರು ಹ್ಯಾಮಂಡ್ ಆರ್ಗನ್. 'ದಿ ಬ್ಯಾಂಡ್' ಎಂಬ ತಂಡದಲ್ಲಿ ರಿಚರ್ಡ್ ಮ್ಯಾನ್ಯುಯೆಲ್ ಹೆಚ್ಚಾಗಿ ಪಿಯಾನೊ, ಗಾರ್ತ್ ಹಡ್ಸನ್ ಆರ್ಗನ್. ಪಿಯಾನೊ ಸ್ವರ ಹುಟ್ಟಿದ ಕ್ಷಣದಿಂದ ಕರಗುತ್ತಾ ಹೋಗುತ್ತದೆ. ಆರ್ಗನ್ ಸ್ವರ ಬೆರಳು ಎತ್ತುವ ತನಕ ನಿಲ್ಲುತ್ತದೆ. ಒಂದು ಕರಗುವ ಸ್ವರ, ಒಂದು ನಿಲ್ಲುವ ಸ್ವರ. ಅದಕ್ಕೇ ಒಂದು ಇನ್ನೊಂದನ್ನು ನುಂಗುವುದಿಲ್ಲ. ನಿಮ್ಮಲ್ಲೂ ಹಾಗೇ ಮಾಡಿ. ಹಳಬರು ಪಿಯಾನೊ ಅಥವಾ ಗಿಟಾರ್ ಟೋನ್‌ನಲ್ಲಿ ಕಾರ್ಡ್ ಹಿಡಿಯಲಿ. ಹೊಸಬ ಮೇಲಿನ ಸಪ್ತಕಗಳಲ್ಲಿ ವಯಲಿನ್, ಕೊಳಲು ನೋಡಿಕೊಳ್ಳಲಿ.

"ಖವ್ವಾಲಿಯಲ್ಲಿ ಎರಡು ಪೇಟಿ (ಹಾರ್ಮೋನಿಯಂ) ಇರುತ್ತವಲ್ಲ, ಅಲ್ಲಿ ಗದ್ದಲ ಯಾಕೆ ಆಗಲ್ಲ?" ಅಂತ ಹಿಂದೆ ಒಬ್ಬರು ಕೇಳಿದ್ದರು. ಒಳ್ಳೆಯ ಪ್ರಶ್ನೆ. ಅಲ್ಲಿ ಇಬ್ಬರೂ ಹಾಡಿನ ದಾರಿಯಲ್ಲೇ ನಡೆಯುತ್ತಾರೆ. ಕೊರಳು ಹೋದ ಕಡೆ ಪೇಟಿ ಹೋಗುತ್ತದೆ, ಹೆಚ್ಚಾಗಿ ಒಂದೊಂದೇ ಸ್ವರ. ನಮ್ಮ ಭಜನೆಯಲ್ಲೂ ಹಾಗೇ. ನಾವು ಕೀಬೋರ್ಡ್‌ನವರು ಒಮ್ಮೆಲೇ ಮೂರು ನಾಲ್ಕು ಸ್ವರ ಒತ್ತುತ್ತೇವೆ. ಇಬ್ಬರು ಸೇರಿ ಎಂಟು ಆದರೆ ಕಿವಿಗೆ ಜಾಗ ಎಲ್ಲಿದೆ?

ಅದೇ ತಂಡದ ಕೀಬೋರ್ಡ್ ವಾದಕ: ಸರ್, ನಾನೇ ಆ ಕೀಬೋರ್ಡ್‌ನವನು. ಬೇಡ ಅಂದವರಲ್ಲಿ ನಾನೂ ಒಬ್ಬ. ಸ್ಪ್ಲಿಟ್ ಹಾಕಿ (ಒಂದೇ ಕೀಬೋರ್ಡ್‌ನ ಎರಡು ಭಾಗಕ್ಕೆ ಎರಡು ಟೋನ್ ಇಟ್ಟು) ಅಥವಾ ಸ್ಟ್ಯಾಂಡ್ ಮೇಲೆ ಎರಡು ಕೀಬೋರ್ಡ್ ಇಟ್ಟು ನಾನೇ ನುಡಿಸಬಹುದಲ್ವಾ?

ಉತ್ತರ: ತಮ್ಮಾ, ಕೆಲವು ಹಾಡಿಗೆ ಖಂಡಿತ ಆಗುತ್ತದೆ. ಅದನ್ನು ನೀವು ಚೆನ್ನಾಗಿ ಕಲಿಯಲೇಬೇಕು. ಆದರೆ 61 ಕೀ ಅಂದರೆ ಐದು ಸಪ್ತಕ. ನಡುವೆ ಸ್ಪ್ಲಿಟ್ ಹಾಕಿದರೆ ಒಂದೊಂದು ಕಡೆ ಎರಡೂವರೆ ಉಳಿಯುತ್ತದೆ. ವಯಲಿನ್ ಬಿಟ್ ಮೇಲಕ್ಕೆ ಹತ್ತುವಾಗ ಕೀ ಮುಗಿದುಹೋಗುತ್ತದೆ. ಎರಡು ಕೀಬೋರ್ಡ್ ಇಟ್ಟರೆ ಕೀ ಸಿಗುತ್ತವೆ, ಕೈ ಸಿಗುವುದಿಲ್ಲ.

ನಿಮ್ಮ ಮನಸ್ಸಿನಲ್ಲಿ ಬೇರೆ ಒಂದು ಚಿಂತೆ ಇದೆ ಅಂತ ನನಗೆ ಅನಿಸುತ್ತದೆ. ನನ್ನ ಜಾಗ ಹೋಗುತ್ತಾ ಅಂತ. ಹೋಗುವುದಿಲ್ಲ. ಲೀಡ್, ಅಂದರೆ ವಯಲಿನ್ ಕೊಳಲಿನ ಬಿಟ್, ನುಡಿಸುವವನ ಕಡೆ ಜನ ನೋಡುತ್ತಾರೆ, ನಿಜ. ಆದರೆ ಹಾಡುವವರು ಒರಗಿ ನಿಲ್ಲುವುದು ಕಾರ್ಡ್ ಹಿಡಿಯುವವನ ಮೇಲೆ. ಗಾಯಕರು ಒಂದು ಸಾಲು ಮರೆತರೆ, ಒಂದು ಆವರ್ತನ ಜಾಸ್ತಿ ಹೋದರೆ, ತಂಡವನ್ನು ಹಿಡಿದು ನಿಲ್ಲಿಸುವವರು ನೀವು. ಬೇಕಾದರೆ ನಾಲ್ಕು ಹಾಡಿಗೆ ಅವನು ಕಾರ್ಡ್, ನೀವು ಲೀಡ್ ಅಂತ ಬದಲಾಯಿಸಿಕೊಳ್ಳಿ. ಮೊದಲೇ ಬರೆದಿಟ್ಟುಕೊಳ್ಳಿ, ಸ್ಟೇಜ್ ಮೇಲೆ ತೀರ್ಮಾನ ಬೇಡ.

ಗಾಯಕಿ, ಶಹಾಬಾದ್: ನಮ್ಮ ತಂಡದಲ್ಲಿ ಇಬ್ಬರಿದ್ದಾರೆ ಸರ್. ಒಮ್ಮೆ ನನ್ನ ಹಾಡಿಗೆ ಒಬ್ಬರು ಟ್ರಾನ್ಸ್‌ಪೋಸ್ ಬಟನ್ ಒತ್ತಿ ಸ್ಕೇಲ್ (ಶ್ರುತಿ) ಬದಲಾಯಿಸಿದರು, ಇನ್ನೊಬ್ಬರು ಮರೆತರು. ಎರಡು ಸ್ಕೇಲ್‌ನಲ್ಲಿ ಹಾಡು ಶುರುವಾಯಿತು. ನಾನು ಮೈಕ್ ಹಿಡಿದು ನಿಂತೇ ಬಿಟ್ಟೆ.

ಉತ್ತರ: ಅಕ್ಕಾ, ಇಬ್ಬರಿರುವ ತಂಡದಲ್ಲಿ ಅತಿ ದೊಡ್ಡ ಅಪಾಯ ಇದೇ. ಬಟನ್ ಒತ್ತಿದರೆ ಕೈ ಅದೇ ಜಾಗದಲ್ಲಿ ಇರುತ್ತದೆ, ಹೊರಗೆ ಸ್ವರ ಬೇರೆ. ಹಾಗಾಗಿ ಕಣ್ಣಿಗೆ ತಪ್ಪು ಕಾಣಿಸುವುದೇ ಇಲ್ಲ. ನಾನು ಎರಡು ರೂಢಿ ಮಾಡಿಕೊಂಡಿದ್ದೇನೆ. ಹಾಡಿನ ಪಟ್ಟಿಯಲ್ಲಿ ಪ್ರತಿ ಹಾಡಿನ ಮುಂದೆ ಷಡ್ಜ ಯಾವ ಕೀ ಅನ್ನುವುದನ್ನು "ಬಿಳಿ 1", "ಕರಿ 2" ಅಂತ ದಪ್ಪಕ್ಷರದಲ್ಲಿ ಬರೆದು ಇಬ್ಬರ ಮುಂದೆಯೂ ಅಂಟಿಸುವುದು. ನಿರೂಪಕರು ಮಾತಾಡುತ್ತಿರುವಾಗ ಇಬ್ಬರೂ ಸಣ್ಣಗೆ ಒಂದು ಷಡ್ಜ ಒತ್ತಿ ನೋಡುವುದು. ಎರಡು ಸೆಕೆಂಡಿನ ಕೆಲಸ, ನಿಮ್ಮ ಮಾನ ಉಳಿಯುತ್ತದೆ. ಸಾಧ್ಯವಾದರೆ ಟ್ರಾನ್ಸ್‌ಪೋಸ್ ಬಿಟ್ಟು ಎಲ್ಲ ಸ್ಕೇಲ್‌ನಲ್ಲೂ ಕೈ ಓಡುವ ಹಾಗೆ ಅಭ್ಯಾಸ ಮಾಡಿದರೆ ಇನ್ನೂ ಒಳ್ಳೆಯದು.

ಸೌಂಡ್ ಸಿಸ್ಟಮ್‌ನವರು: ಇಬ್ಬರು ಬಂದರೆ ಮಿಕ್ಸರ್‌ನಲ್ಲಿ ನಾಲ್ಕು ಚಾನೆಲ್ ಕೇಳುತ್ತಾರೆ. ಕೊಡಬೇಕಾ?

ಉತ್ತರ: ಬೇಡ. ನಮ್ಮ ಬಯಲು ಪ್ರೋಗ್ರಾಂಗಳಲ್ಲಿ ಹೆಚ್ಚಾಗಿ ಮೋನೊನೇ ಇರುತ್ತದೆ, ಅಂದರೆ ಎಡ ಬಲ ಎರಡೂ ಕಡೆ ಒಂದೇ ಸೌಂಡ್. ಒಬ್ಬೊಬ್ಬರ ಲೆಫ್ಟ್/ಮೋನೊ ಜಾಕ್‌ನಿಂದ ಒಂದೊಂದು ಲೈನ್, ಡಿಐ ಬಾಕ್ಸ್ (ಸಿಗ್ನಲ್ ಅನ್ನು ಮಿಕ್ಸರ್‌ಗೆ ಹೊಂದಿಸುವ ಸಣ್ಣ ಡಬ್ಬಿ) ಮೂಲಕ. ಕಾರ್ಡ್ ಹಿಡಿಯುವ ಕೀಬೋರ್ಡ್‌ನಲ್ಲಿ ಲೋ ಸ್ವಲ್ಪ ಕಡಿಮೆ ಮಾಡಿ, ಬೇಸ್‌ಗೆ ಉಸಿರು ಸಿಗುತ್ತದೆ. ಆದರೆ ಇಬ್ಬರಿಗೂ ಮಾನಿಟರ್ (ತಮ್ಮ ಕಡೆ ತಿರುಗಿಸಿದ ಸ್ಪೀಕರ್) ಕೊಡಲೇಬೇಕು, ದಯವಿಟ್ಟು. ಒಬ್ಬರಿಗೊಬ್ಬರು ಕೇಳಿಸದಿದ್ದರೆ ಇಬ್ಬರೂ ವಾಲ್ಯೂಮ್ ಏರಿಸುತ್ತಾ ಹೋಗುತ್ತಾರೆ.

ಪ್ರಶ್ನೆ ಕೇಳಿದವರು: ಕೊನೆಗೆ ದುಡ್ಡಿನ ಮಾತು ಸರ್. ಆರು ಜನರ ಪೇಮೆಂಟ್ ಏಳು ಜನಕ್ಕೆ ಹಂಚಬೇಕು. ಅದೇ ದುಡ್ಡಿಗೆ ನಿಜವಾದ ಕೊಳಲಿನವರನ್ನೇ ಕರೆದರೆ?

ಉತ್ತರ: ಸಿಕ್ಕರೆ ಮೊದಲು ಅವರನ್ನೇ ಕರೆಯಿರಿ. ಕೊಳಲಿನ ಉಸಿರು ಯಾವ ಟೋನ್‌ನಲ್ಲೂ ಬರುವುದಿಲ್ಲ, ನಾನು ಕೀಬೋರ್ಡ್‌ನವನಾಗಿಯೂ ಇದನ್ನು ಹೇಳುತ್ತೇನೆ. ಆದರೆ ನಿಮ್ಮ ಪಟ್ಟಿಯಲ್ಲಿ ರಾಜನ್-ನಾಗೇಂದ್ರ, ಲಕ್ಷ್ಮೀಕಾಂತ್-ಪ್ಯಾರೇಲಾಲ್ ಅವರ ಕಾಲದ ಹಾಡುಗಳೇ ಜಾಸ್ತಿ ಇದ್ದರೆ, ವಯಲಿನ್ ಗುಂಪು ಕೇಳಿಸಬೇಕು. ಅದನ್ನು ಕೊಡುವುದಕ್ಕೆ ಎರಡನೇ ಕೀಬೋರ್ಡೇ ದಾರಿ. ಪ್ರತಿಯೊಬ್ಬರ ಪಾಲಿನಲ್ಲಿ ಏಳನೇ ಒಂದು ಭಾಗ ಕಡಿಮೆ ಆಗುತ್ತದೆ. ಅದನ್ನು ಎಲ್ಲರ ಎದುರಿಗೆ, ಈಗಲೇ ಮಾತಾಡಿ ಮುಗಿಸಿ.

ಮತ್ತೆ ಒಂದು ಪರೀಕ್ಷೆ ಮಾಡಿ. ಮೂರು ಹಾಡು ಆರಿಸಿ. ಮೊದಲು ಒಬ್ಬರೇ, ಆಮೇಲೆ ಇಬ್ಬರೂ ಸೇರಿ ನುಡಿಸಲಿ. ಫೋನ್ ಅನ್ನು ಕೋಣೆಯ ಆ ತುದಿಯಲ್ಲಿಟ್ಟು ರೆಕಾರ್ಡ್ ಮಾಡಿ, ಮರುದಿನ ಕೇಳಿ. ಎರಡನೆಯದರಲ್ಲಿ ಹಾಡಿನ ಮಾತು ಮೊದಲಿನಷ್ಟೇ ಸ್ಪಷ್ಟವಾಗಿ ಕೇಳಿಸಬೇಕು. ಕೇಳಿಸದಿದ್ದರೆ ಹಂಚಿಕೆ ಸರಿಯಾಗಿಲ್ಲ ಅಂತ. ಆ ರೆಕಾರ್ಡಿಂಗ್ ಇಲ್ಲಿ ಹಾಕಿ, ನಾನು ಕೂತು ಕೇಳಿ ಹೇಳುತ್ತೇನೆ.

ಪ್ರಶ್ನೆ ಕೇಳಿದವರು: ಆಯ್ತು ಸರ್. ಭಾನುವಾರ ರಿಹರ್ಸಲ್‌ಗೆ ಅವನನ್ನು ಆಳಂದದಿಂದ ಕರೆಸುತ್ತೇವೆ. ಮೂರು ಹಾಡಿನ ಬಿಟ್‌ಗಳನ್ನು ನಮ್ಮ ಕೀಬೋರ್ಡ್‌ನವರೇ ಇವತ್ತು ರಾತ್ರಿ ಅವನಿಗೆ ಕಳಿಸುತ್ತಾರಂತೆ.